ಬೀಗ, ಚಿಲಕ, ಅಗುಳಿ, ಕೀಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಿಲನ್ನು ಭದ್ರ ಮಾಡುವ ಸಾಧನಗಳಿಗೆ ಕನ್ನಡದಲ್ಲಿ ಬೇಕಾದಷ್ಟು ಹೆಸರುಗಳಿವೆ. ಯಾವುದು ಎಲ್ಲಿ ಸಲ್ಲುತ್ತದೆ ಎಂಬುದು ಮಾತ್ರ ದಿನೇ ದಿನೇ ಮಸುಕಾಗುತ್ತಿದೆ. ಅನುವಾದಕರು, ಕನ್ನಡ ಕಲಿಯುತ್ತಿರುವವರು, ಮಕ್ಕಳಿಗೆ ಪಾಠ ಹೇಳುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಬೀಗ ಎಂದರೆ ನಿಖರವಾಗಿ ಏನು?

ಅದಕ್ಕೆಂದೇ ಮಾಡಿದ ಬೀಗದ ಕೈ (ಮುಂದೆ ಬರೀ ‘ಕೈ’) ಇಲ್ಲದೆ ತೆರೆಯದ ಸಾಧನವೇ ಬೀಗ. ಬಾಗಿಲು, ಪೆಟ್ಟಿಗೆ, ಕಪಾಟು, ಸೈಕಲ್ಲು, ಹುಂಡಿ, ಯಾವುದಕ್ಕೆ ಬೇಕಾದರೂ ಹಾಕಬಹುದು. ಕೊಂಡಿಗೆ ಸಿಕ್ಕಿಸಿ ನೇತುಬಿಡುವುದೂ ಬೀಗವೇ, ಕದದ ಮರ ಕೊರೆದು ಒಳಗೇ ಕೂರಿಸಿದ್ದೂ ಬೀಗವೇ. ಆಕಾರ ಇಲ್ಲಿ ಮುಖ್ಯವಲ್ಲ. ಕೈ ಉಳ್ಳವನು ತೆರೆಯಬಲ್ಲ, ಇಲ್ಲದವನು ತೆರೆಯಲಾರ ಎಂಬುದಷ್ಟೇ ಮುಖ್ಯ.

ಬೀಗಕ್ಕೂ ಚಿಲಕಕ್ಕೂ ಏನು ವ್ಯತ್ಯಾಸ? ಎರಡನ್ನೂ ‘ಲಾಕ್’ ಎನ್ನುತ್ತೇವಲ್ಲ?

ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿ.

ಚಿಲಕಕ್ಕೆ ಕೈ ಬೇಡ. ಬೆರಳಿನಿಂದ ಸರಿಸಿದರೆ, ಎತ್ತಿದರೆ, ತಿರುಗಿಸಿದರೆ ಸಾಕು. ಆದ್ದರಿಂದ ಚಿಲಕ ಹಾಕಿದವನು ಸಾಮಾನ್ಯವಾಗಿ ಬಾಗಿಲಿನ ಹಿಂದೆಯೇ ಇರುತ್ತಾನೆ. ಬೀಗ ಹಾಕಿದವನು ಬಾಗಿಲಿಗೆ ಬೆನ್ನು ಹಾಕಿ ಹೊರಟುಹೋಗಿರುತ್ತಾನೆ. ‘ಅವರ ಮನೆಗೆ ಬೀಗ ಹಾಕಿದೆ’ ಎಂದರೆ ಮನೆಯಲ್ಲಿ ಯಾರೂ ಇಲ್ಲ, ನೀವು ವಾಪಸು ಹೋಗಬಹುದು. ‘ಅವರು ಚಿಲಕ ಹಾಕಿಕೊಂಡಿದ್ದಾರೆ’ ಎಂದರೆ ಒಳಗೆ ಜನ ಇದ್ದಾರೆ, ಇನ್ನೊಮ್ಮೆ ಬಡಿಯಬಹುದು. ಎರಡೂ ಕಡೆ ‘ಲಾಕ್ ಆಗಿದೆ’ ಎಂದು ಬರೆದರೆ ಓದುಗ ಬಾಗಿಲ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಇದು ನನ್ನ ಕಲ್ಪನೆಯಲ್ಲ. ಭಾಷೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. ‘ಬಾಗಿಲಿಗೆ ಬೀಗ’, ‘ಮನೆಗೆ ಬೀಗ’ ಎರಡನ್ನೂ ಹೇಳುತ್ತೇವೆ. ಆದರೆ ‘ಬಾಗಿಲಿಗೆ ಚಿಲಕ’ ಎನ್ನುತ್ತೇವೆಯೇ ಹೊರತು ‘ಮನೆಗೆ ಚಿಲಕ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಬೀಗ ಇಡೀ ಮನೆಯನ್ನು ಮುಚ್ಚುತ್ತದೆ, ಚಿಲಕ ಆ ಒಂದು ಕದವನ್ನು ಮಾತ್ರ. ‘ಹಾಕಿಕೊ’ ಎಂಬ ರೂಪವನ್ನೂ ಗಮನಿಸಿ. ‘ಚಿಲಕ ಹಾಕಿಕೊಂಡು ಮಲಗು’ ಸಹಜವಾಗಿದೆ. ‘ಬೀಗ ಹಾಕಿಕೊಂಡು’ ಎಂದ ಕೂಡಲೇ ಮುಂದಿನ ಕ್ರಿಯಾಪದ ‘ಹೋಗು’ ಅಥವಾ ‘ಬಾ’ ಆಗಿರುತ್ತದೆ.

ಚಿಲಕವನ್ನು ಹೊರಗಿನಿಂದಲೂ ಹಾಕಬಹುದು, ನಿಜ. ಪತ್ತೇದಾರಿ ಕತೆಗಳಲ್ಲಿ ‘ಹೊರಗಿನಿಂದ ಚಿಲಕ ಹಾಕಿತ್ತು’ ಎಂಬ ವಾಕ್ಯ ಓದಿದಾಗ ಎದೆ ಧಸಕ್ಕೆನ್ನುವುದು ಅದು ಇರಬಾರದ ಕಡೆ ಇದೆ ಎಂಬ ಕಾರಣಕ್ಕೇ.

ಅಗುಳಿ ಯಾವುದು? ಈಗ ಯಾರಾದರೂ ಆ ಪದ ಬಳಸುತ್ತಾರೆಯೇ?

ಬಳಸುತ್ತಾರೆ, ಆದರೆ ಕಡಿಮೆ. ಅಗುಳಿ ಎಂದರೆ ಬಾಗಿಲಿಗೆ ಅಡ್ಡಲಾಗಿ ಬರುವ ಪಟ್ಟಿ ಅಥವಾ ದಂಡ. ಹಳೆಯ ಮನೆಗಳಲ್ಲಿ, ಕೋಟೆಗಳ ಹೆಬ್ಬಾಗಿಲಿನಲ್ಲಿ ಬಾಗಿಲಿನ ಒಂದು ಪಕ್ಕದ ಗೋಡೆಯೊಳಗೆ ಉದ್ದನೆಯ ಪೊಳ್ಳು ಇರುತ್ತದೆ. ಅದರೊಳಗೆ ದಪ್ಪ ಮರದ ತೊಲೆ ಅಡಗಿರುತ್ತದೆ. ರಾತ್ರಿ ಅದನ್ನು ಎಳೆದು ಕದಗಳ ಹಿಂದಿನಿಂದ ಹಾಯಿಸಿ ಎದುರು ಗೋಡೆಯ ತೂತಿಗೆ ಸೇರಿಸುತ್ತಿದ್ದರು. ಹೊರಗಿನಿಂದ ಎಷ್ಟು ಗುದ್ದಿದರೂ ಆ ಏಟನ್ನು ಗೋಡೆಯೇ ತಿನ್ನುತ್ತಿತ್ತು. ಕೆಲವು ಕಡೆ ಈಗಿನ ಕಬ್ಬಿಣದ ಬೋಲ್ಟಿಗೂ ಅಗುಳಿ ಎನ್ನುತ್ತಾರೆ. ಅಗಳಿ ಎಂಬ ರೂಪವೂ ಇದೆ.

ಇದು ಸಂಸ್ಕೃತದ ‘ಅರ್ಗಲ’ ಅಥವಾ ‘ಅರ್ಗಳ’ ಶಬ್ದದ ತದ್ಭವ. ಆ ಮೂಲ ಶಬ್ದ ನಮ್ಮ ದಿನದ ಮಾತಿನಲ್ಲಿ ಇನ್ನೊಂದು ವೇಷದಲ್ಲಿ ಓಡಾಡಿಕೊಂಡಿದೆ. ‘ನಿರರ್ಗಳವಾಗಿ ಮಾತನಾಡಿದರು’ ಎನ್ನುತ್ತೇವಲ್ಲ, ಆ ನಿರರ್ಗಳ ಎಂದರೆ ‘ಅಗುಳಿ ಇಲ್ಲದ್ದು’. ಬಾಯಿಯ ಬಾಗಿಲಿಗೆ ಅಡ್ಡದಂಡವಿಲ್ಲ, ಮಾತು ಸಲೀಸಾಗಿ ಹೊರಬರುತ್ತದೆ. ಸಭೆಗಳಲ್ಲಿ ಭಾಷಣಕಾರರನ್ನು ಹೀಗೆ ಹೊಗಳುವಾಗಲೆಲ್ಲ ಒಂದು ಅಗುಳಿ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದುಂಟು.

ಅಗುಳಿಯನ್ನು ಅನ್ನದ ಅಗುಳಿನ ಜೊತೆಗಾಗಲಿ, ಕೋಟೆಯ ಸುತ್ತಲಿನ ಕಂದಕ ಎಂಬ ಅರ್ಥದ ಅಗಳಿನ ಜೊತೆಗಾಗಲಿ ಬೆರೆಸಬೇಡಿ. ಉಕಾರಾಂತ ಇಕಾರಾಂತಗಳಲ್ಲಿ ಎಚ್ಚರ ತಪ್ಪಿದರೆ ‘ಬಾಗಿಲಿಗೆ ಅಗುಳು ಹಾಕಿದರು’ ಎಂದಾಗಿ, ಬಾಗಿಲಿಗೆ ಊಟ ಬಡಿಸಿದಂತಾಗುತ್ತದೆ.

ಕೊಂಡಿ?

ಬೀಗವನ್ನೋ ಚಿಲಕವನ್ನೋ ಸಿಕ್ಕಿಸುವ ಬಳೆ ಅಥವಾ ಬಾಗಿದ ಕಂಬಿ. ಚೇಳಿನ ಬಾಲದ ತುದಿಗೂ ಕೊಂಡಿ ಎನ್ನುತ್ತೇವೆ, ಸರಪಳಿಯ ಒಂದೊಂದು ಬಳೆಗೂ. ಅಂತರ್ಜಾಲದಲ್ಲಿ ಒಂದು ಪುಟದಿಂದ ಇನ್ನೊಂದಕ್ಕೆ ಕರೆದೊಯ್ಯುವುದಕ್ಕೂ ಇದೇ ಹೆಸರು ನಿಂತಿದೆ. ಹೊಸ ಬಳಕೆಗಳಲ್ಲಿ ಇಷ್ಟು ಚೆನ್ನಾಗಿ ಹೊಂದಿಕೊಂಡವು ಕೆಲವೇ.

ಕೀಲಿ ಎಂದರೆ ಬೀಗವೋ, ಬೀಗದ ಕೈಯೋ?

ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಅದನ್ನು ತೆರೆಯುವ ಸಾಧನ. ಮೈಸೂರು ಸೀಮೆಯಲ್ಲಿ ಬೀಗಕ್ಕೆ ಬೀಗವೇ ಹೆಸರು, ತೆರೆಯುವುದು ಬೀಗದ ಕೈ. ಅಲ್ಲಿನವರ ಕಿವಿಗೆ ‘ಕೀಲಿ’ ಎಂದು ಬಿಡಿಯಾಗಿ ಬಿದ್ದರೆ ಅದು ಕೀಲಿಕೈಯ ಮೊಟಕು ರೂಪ, ಅಂದರೆ ಬೀಗದ ಕೈ.

ಇದರಿಂದ ಆಗುವ ಎಡವಟ್ಟು ನನಗೆ ಹಾಸ್ಟೆಲಿನ ಮೊದಲ ವಾರದಲ್ಲೇ ಗೊತ್ತಾಯಿತು. ನಾನು ದಕ್ಷಿಣದವನು, ಕೊಠಡಿಯ ಗೆಳೆಯ ಧಾರವಾಡ ಕಡೆಯವನು. ‘ಕೀಲಿ ಹಾಕಿಕೊಂಡು ಬಾ’ ಎಂದು ಹೇಳಿ ಅವನು ಮುಂದೆ ಹೋದ. ನಾನು ಕೀಲಿಯನ್ನು ವಿಧೇಯನಾಗಿ ಜೇಬಿಗೆ ಹಾಕಿಕೊಂಡು, ಬಾಗಿಲು ಮುಂದೆ ಮಾಡಿ ಹೊರಟೆ. ಸಂಜೆ ಬಂದು ನೋಡಿದರೆ ಕೊಠಡಿಯಲ್ಲಿ ಬೆಕ್ಕು ಮಲಗಿತ್ತು. ಇಬ್ಬರ ಕನ್ನಡವೂ ತಪ್ಪಿರಲಿಲ್ಲ. ಅವನ ಕೀಲಿ ಬಾಗಿಲಿಗೆ ಹಾಕುವಂಥದ್ದು, ನನ್ನದು ಜೇಬಿಗೆ.

ಕೀಲಿಯ ಮೂಲ ಸಂಸ್ಕೃತದ ‘ಕೀಲ’, ಅಂದರೆ ಗೂಟ, ಬೆಣೆ. ಎರಡು ಭಾಗಗಳು ಕಳಚಿಕೊಳ್ಳದಂತೆ ನಡುವೆ ಹೊಡೆಯುವ ತುಂಡು. ದೇಹದ ಕೀಲು, ಕೀಲುನೋವು, ಕೀಲುಗೊಂಬೆ, ಕೀಲುಕುದುರೆ ಎಲ್ಲವೂ ಆ ಕುಟುಂಬದವು. ದುರ್ಗಾ ಸಪ್ತಶತಿಯ ಪಾರಾಯಣಕ್ಕೆ ಮುನ್ನ ಕವಚ, ಅರ್ಗಲಾ, ಕೀಲಕ ಎಂಬ ಮೂರನ್ನು ಪಠಿಸುವ ಪದ್ಧತಿಯಿದೆ. ನಮ್ಮ ಅಗುಳಿಯೂ ಕೀಲಿಯೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಅರವತ್ತು ಸಂವತ್ಸರಗಳಲ್ಲಿ 42ನೆಯದರ ಹೆಸರೂ ಕೀಲಕ.

ಬರೆಯುವಾಗ ಯಾವುದನ್ನು ಬಳಸಲಿ?

ಇಡೀ ನಾಡಿನ ಓದುಗರಿಗೆ ಬರೆಯುತ್ತಿದ್ದರೆ ಬೀಗ, ಬೀಗದ ಕೈ. ಈ ಜೋಡಿ ಎಲ್ಲ ಕಡೆಯೂ ಅರ್ಥವಾಗುತ್ತದೆ. ಉತ್ತರದ ಪಾತ್ರ ಮಾತನಾಡುತ್ತಿದ್ದರೆ ಅವನಿಂದ ಕೀಲಿಯನ್ನು ಕಿತ್ತುಕೊಳ್ಳಬೇಡಿ.

ಆದರೆ ರೂಪಕಕ್ಕೆ ಬಂದಾಗ ಕೀಲಿಕೈ ಗೆದ್ದಿದೆ. ‘ಯಶಸ್ಸಿನ ಕೀಲಿಕೈ’, ‘ಅಧಿಕಾರದ ಕೀಲಿಕೈ’ ಎಂದು ಮೈಸೂರಿನವರೂ ಬರೆಯುತ್ತಾರೆ. ‘ಯಶಸ್ಸಿನ ಬೀಗದ ಕೈ’ ಎಂದರೆ ಯಶಸ್ಸನ್ನು ಯಾರೋ ಕಪಾಟಿನಲ್ಲಿಟ್ಟು ಊರಿಗೆ ಹೋದಂತಿರುತ್ತದೆ. ಕಂಪ್ಯೂಟರಿನ ಲೋಕದಲ್ಲೂ ಕೀಲಿಯದೇ ರಾಜ್ಯ: ಕೀಲಿಮಣೆ, ಕೀಲಿಪದ. ಅಲ್ಲಿ ಬೀಗ ಎಲ್ಲೂ ಇಲ್ಲದಿದ್ದರೂ ಅದರ ಕೈ ಮಾತ್ರ ಸಾಲುಸಾಲಾಗಿ ಕುಳಿತಿದೆ. ‘ಕೀಲಿ ಕೊಡು’ ಎಂಬುದಕ್ಕೆ ಇನ್ನೊಂದು ಅರ್ಥವೂ ಉಂಟು. ಹಳೆಯ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು, ಮನುಷ್ಯರಿಗೆ ಈಗಲೂ ಕೊಡುತ್ತಾರೆ.

‘ಬೀಗದ ಕೈ’ಯಲ್ಲಿ ಕೈ ಏಕೆ ಬಂತು?

ಕನ್ನಡದಲ್ಲಿ ಕೈ ಎಂದರೆ ದೇಹದ ಅಂಗ ಮಾತ್ರವಲ್ಲ, ಒಂದು ವಸ್ತುವನ್ನು ನಡೆಸುವ, ಹಿಡಿಯುವ ಭಾಗವೂ ಹೌದು. ಕುರ್ಚಿಗೆ ಕೈ ಇದೆ, ಅಂಗಿಗೆ ತೋಳಿದೆ, ಮೇಜಿಗೆ ಕಾಲಿದೆ, ಸೂಜಿಗೆ ಕಣ್ಣಿದೆ. ಬೀಗ ತಾನಾಗಿ ಬಿಚ್ಚಿಕೊಳ್ಳಲಾರದು, ಅದಕ್ಕೊಂದು ಕೈ ಕೊಟ್ಟಿದ್ದೇವೆ. ಆ ಕೈಗೆ ಮತ್ತೆ ಹಲ್ಲುಗಳೂ ಇವೆ! ಹಲ್ಲು ಸವೆದರೆ ಕೈ ಕೆಲಸ ಮಾಡುವುದಿಲ್ಲ ಎಂಬ ವಾಕ್ಯವನ್ನು ಪರಭಾಷಿಕರಿಗೆ ವಿವರಿಸಿ ನೋಡಿ.

ನೆರೆಯವರು ಬೇರೆ ದಾರಿ ಹಿಡಿದಿದ್ದಾರೆ. ತಮಿಳಿನ ತಿರವುಕೋಲ್ ಎಂದರೆ ತೆರೆಯುವ ಕೋಲು. ಮಲಯಾಳದ ತಾಕ್ಕೋಲ್‌ನಲ್ಲೂ ಕೋಲೇ ಇದೆ. ತೆಲುಗಿನ ತಾಳಂಚೆವಿಯಲ್ಲಿ ಕೇಳಿಸುವ ‘ಚೆವಿ’ಗೆ ಆ ಭಾಷೆಯಲ್ಲಿ ಕಿವಿ ಎಂಬ ಅರ್ಥವಿದೆ. ಕೋಲಿಗಿಂತ, ಕಿವಿಗಿಂತ ಕೈ ನನಗೆ ಇಷ್ಟ. ಇದು ಪಕ್ಷಪಾತ ಎಂದು ಒಪ್ಪಿಕೊಳ್ಳುತ್ತೇನೆ.

‘ಬೀಗದ ಕೈ’, ‘ಬೀಗದಕೈ’ ಎರಡೂ ಅಚ್ಚಿನಲ್ಲಿ ಕಾಣುತ್ತವೆ. ಬಿಡಿಸಿ ಬರೆಯುವುದು ಓದಲು ಹಿತ. ವಿಭಕ್ತಿ ಸೇರಿದಾಗ ಬೀಗದ ಕೈಯನ್ನು, ಬೀಗದ ಕೈಗೆ, ಬೀಗದ ಕೈಗಳು. ಹಲವು ಒಟ್ಟಿಗಿದ್ದರೆ ಬೀಗದ ಕೈಗಳ ಗೊಂಚಲು.

ಚಾವಿ ಕನ್ನಡದ್ದೇ?

ಪೋರ್ಚುಗೀಸಿನ ‘ಶಾವ್’ನಿಂದ ಬಂದದ್ದು. 1510ರಲ್ಲಿ ಗೋವೆಯನ್ನು ಹಿಡಿದವರು ಪಶ್ಚಿಮ ಕರಾವಳಿಯ ಭಾಷೆಗಳಿಗೆ ಪಾದ್ರಿ, ಪಗಾರ, ಬಟಾಟೆ, ಇಸ್ತ್ರಿಗಳ ಜೊತೆ ಇದನ್ನೂ ಬಿಟ್ಟುಹೋದರು. ಕೊಂಕಣಿ, ಮರಾಠಿ, ಹಿಂದಿಗಳ ನಂಟಿರುವ ಕಡೆ ಕನ್ನಡಿಗರೂ ಬಳಸುತ್ತಾರೆ. ಅಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡ ಮೇಲೆ ನಮ್ಮದೇ.

ಬೀಗ ಹಾಕುವುದು, ಜಡಿಯುವುದು, ಬೀಳುವುದು: ಎಲ್ಲವೂ ಒಂದೇ ಅರ್ಥವೇ?

ಒಂದೇ ಬೀಗ, ಮೂರು ಮನಃಸ್ಥಿತಿ.

‘ಹಾಕು’ ದಿನನಿತ್ಯದ್ದು, ಅದರಲ್ಲಿ ಭಾವನೆ ಏನೂ ಇಲ್ಲ. ‘ಜಡಿ’ಯಲ್ಲಿ ಸಿಟ್ಟಿದೆ. ಜಡಿಯುವುದು ಎಂದರೆ ಮೊಳೆಯನ್ನೋ ಗೂಟವನ್ನೋ ಬಲವಾಗಿ ಹೊಡೆದು ಕೂರಿಸುವುದು. ಬೀಗವನ್ನು ಸುತ್ತಿಗೆಯಿಂದ ಯಾರೂ ಹೊಡೆಯುವುದಿಲ್ಲ, ಆದರೂ ‘ಕಚೇರಿಗೆ ಬೀಗ ಜಡಿದು ಪ್ರತಿಭಟನೆ’ ಎಂದು ಪತ್ರಿಕೆ ಬರೆದಾಗ ಆ ಸದ್ದು ಕೇಳಿಸುತ್ತದೆ. ಸಂಜೆ ಅಂಗಡಿಯವನು ಜಡಿಯುವುದಿಲ್ಲ, ಹಾಕುತ್ತಾನೆ. ಸಾಲಕ್ಕೆ ಮುಟ್ಟುಗೋಲು ಹಾಕಿಕೊಳ್ಳಲು ಬಂದವರು ಜಡಿಯುತ್ತಾರೆ.

‘ಬೀಳು’ವಿನಲ್ಲಿ ಕರ್ತೃವೇ ಇಲ್ಲ. ‘ಆ ಕಾರ್ಖಾನೆಗೆ ಬೀಗ ಬಿತ್ತು’, ‘ಊರಿನ ಶಾಲೆಗೆ ಬೀಗ ಬಿದ್ದು ಎರಡು ವರ್ಷವಾಯಿತು’. ಯಾರೋ ಒಬ್ಬರು ಹಾಕಿಯೇ ಇರುತ್ತಾರೆ, ಆದರೆ ವಾಕ್ಯ ಆ ಹೆಸರನ್ನು ಹೇಳುವುದಿಲ್ಲ. ಬರ ಬಿದ್ದಂತೆ, ಸಿಡಿಲು ಬಿದ್ದಂತೆ ಬೀಗವೂ ಮೇಲಿನಿಂದ ಬೀಳುತ್ತದೆ. ವರದಿ ಬರೆಯುವವರು ಈ ಕ್ರಿಯಾಪದವನ್ನು ಬಳಸುವ ಮುನ್ನ ಹಾಕಿದವರು ಯಾರೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.

ತೆರೆಯುವುದಕ್ಕೆ ಯಾವ ಕ್ರಿಯಾಪದ?

ಬೀಗ ತೆಗೆ, ಬೀಗ ತೆರೆ ಎರಡೂ ಸರಿ. ಕೈ ಕಳೆದುಹೋಗಿ ಬಲ ಬಳಸಿದರೆ ಬೀಗ ಒಡೆ, ಬೀಗ ಮುರಿ. ಅಪರಾಧ ಸುದ್ದಿಗಳಲ್ಲಿ ‘ಬೀಗ ಮುರಿದು ಕಳವು’ ಎಂಬುದು ಹೆಚ್ಚುಕಡಿಮೆ ಒಂದೇ ಪದವಾಗಿಬಿಟ್ಟಿದೆ. ಚಿಲಕವನ್ನು ತೆಗೆಯಬಹುದು, ಸರಿಸಬಹುದು.

ಬೀಗರಿಗೂ ಬೀಗಕ್ಕೂ ಏನಾದರೂ ಸಂಬಂಧವಿದೆಯೇ?

ಮಗಳನ್ನೋ ಮಗನನ್ನೋ ಕೊಟ್ಟು ತಂದು ಸಂಬಂಧ ಬೆಳೆಸಿದ ಮನೆಯವರು ಬೀಗರು. ಏಕವಚನದಲ್ಲಿ ಪುರುಷ ‘ಬೀಗ’, ಸ್ತ್ರೀ ‘ಬೀಗಿತ್ತಿ’. ಮದುವೆಯ ಬಳಿಕ ಅವರಿಗೆ ಹಾಕುವ ಊಟ ಬೀಗರೂಟ. ಒಮ್ಮೆ ಬಿದ್ದರೆ ತೆಗೆಯುವುದು ಕಷ್ಟ, ಅದಕ್ಕೇ ಬೀಗ ಎನ್ನುತ್ತಾರೆ ಎಂಬ ನಗೆಚಾಟಿಕೆ ಮದುವೆ ಮನೆಗಳಲ್ಲಿ ಓಡಾಡುತ್ತದೆ. ನಗಲು ಅಡ್ಡಿಯಿಲ್ಲ, ವ್ಯುತ್ಪತ್ತಿ ಎಂದು ನಂಬಬೇಡಿ. ಇವು ಕೇಳಲು ಒಂದೇ ಆದ ಬೇರೆ ಬೇರೆ ಪದಗಳು. ತೆಲುಗಿನಲ್ಲಿ ಬೀಗನಿಗೆ ವಿಯ್ಯಂಕುಡು ಎನ್ನುತ್ತಾರೆ, ಬೀಗಕ್ಕೆ ಬೀಗಮು ಅಥವಾ ತಾಳಮು. ಅಲ್ಲಿ ಈ ಹಾಸ್ಯಕ್ಕೆ ಜಾಗವೇ ಇಲ್ಲ.

ಹಾಗಾದರೆ ಕನ್ನಡದಲ್ಲಿ ಗೊಂದಲ ಆಗುವುದಿಲ್ಲವೇ? ಬಹುತೇಕ ಆಗುವುದಿಲ್ಲ, ಏಕೆಂದರೆ ಲಿಂಗ ಕಾವಲು ಕಾಯುತ್ತದೆ. ವಸ್ತು ನಪುಂಸಕಲಿಂಗ, ನೆಂಟ ಪುಲ್ಲಿಂಗ. ಬೀಗವನ್ನು–ಬೀಗನನ್ನು, ಬೀಗಕ್ಕೆ–ಬೀಗನಿಗೆ, ಬೀಗದ–ಬೀಗನ, ಬೀಗಗಳು–ಬೀಗರು. ಎಣಿಸುವಾಗಲೂ ಅಷ್ಟೇ: ಎರಡು ಬೀಗ, ಇಬ್ಬರು ಬೀಗರು. ‘ಬೀಗ ಬಂದ’ ಎಂದರೆ ಕಾಫಿ ಮಾಡಬೇಕು, ‘ಬೀಗ ಬಂತು’ ಎಂದರೆ ಅಂಗಡಿಯಿಂದ ಸಾಮಾನು ಬಂದಿದೆ.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯಿದೆ. ಕನ್ನಡದಲ್ಲಿ ವಸ್ತುಗಳಿಗೆ ದ್ವಿತೀಯಾ ವಿಭಕ್ತಿಯ ಪ್ರತ್ಯಯವನ್ನು ಬಿಟ್ಟುಬಿಡಬಹುದು, ಮನುಷ್ಯರಿಗೆ ಬಿಡುವುದಿಲ್ಲ. ‘ಒಂದು ಗಂಟೆ ಬೀಗ ಹುಡುಕಿದೆ’ ಎಂದರೆ ಅದು ಕಬ್ಬಿಣದ್ದೇ. ಮದುವೆ ಮಂಟಪದಲ್ಲಿ ಕಳೆದುಹೋದ ನೆಂಟನಾದರೆ ‘ಬೀಗನನ್ನು ಹುಡುಕಿದೆ’ ಎನ್ನಲೇಬೇಕು.

‘ಗೆದ್ದು ಬೀಗಿದ ತಂಡ’ ಎಂಬ ಶೀರ್ಷಿಕೆಯಲ್ಲಿ ಬೀಗ ಏನು ಮಾಡುತ್ತಿದೆ?

ಅದು ನಾಮಪದವಲ್ಲ, ‘ಬೀಗು’ ಎಂಬ ಕ್ರಿಯಾಪದ. ಉಬ್ಬು, ಹೆಮ್ಮೆಯಿಂದ ಹಿಗ್ಗು ಎಂದು ಅರ್ಥ. ಕ್ರೀಡಾಪುಟಗಳಲ್ಲಿ ಗೆದ್ದವರೆಲ್ಲ ಬೀಗಲೇಬೇಕು ಎಂಬ ಅಲಿಖಿತ ನಿಯಮವೊಂದಿದೆ. ಇತರ ಪುಟಗಳಲ್ಲಿ ಈ ಪದಕ್ಕೆ ಸ್ವಲ್ಪ ಚುಚ್ಚು ಇದೆ: ‘ಅಷ್ಟಕ್ಕೇ ಬೀಗಬೇಡ’ ಎಂದರೆ ಬುದ್ಧಿವಾದ.

ಬೀಗಮುದ್ರೆ ಎಂದರೆ ಬೀಗವೋ ಮುದ್ರೆಯೋ?

ಎರಡೂ. ಬೀಗ ಹಾಕಿ, ಅದನ್ನು ಯಾರೂ ಮುಟ್ಟಿಲ್ಲ ಎಂದು ತಿಳಿಯಲು ಅದರ ಮೇಲೆ ಅರಗಿನ ಅಥವಾ ಕಾಗದದ ಮುದ್ರೆ ಒತ್ತುವುದು. ನ್ಯಾಯಾಲಯ, ನಗರಪಾಲಿಕೆ, ತೆರಿಗೆ ಇಲಾಖೆಯ ಸುದ್ದಿಗಳಲ್ಲಿ ಬರುತ್ತದೆ. ಮಾಲೀಕರೇ ಕಾರ್ಮಿಕರನ್ನು ಹೊರಗಿಟ್ಟು ಕಾರ್ಖಾನೆ ಮುಚ್ಚುವುದಕ್ಕೂ ಬೀಗಮುದ್ರೆ ಎನ್ನುವುದುಂಟು. ದೇಶ್ಯ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ಇದನ್ನು ಅರಿಸಮಾಸ ಎಂದು ವೈಯಾಕರಣರು ಮೂಗು ಮುರಿಯಬಹುದು. ಪದ ಗಟ್ಟಿಯಾಗಿದೆ, ಬಿಡಿ.

ಮತ ಎಣಿಕೆಗೆ ಮುನ್ನ ಮತಯಂತ್ರ ಇಟ್ಟ ಕೊಠಡಿಗೆ ಇರುವುದು ಸರಿಯಾದ ಅರ್ಥದ ಬೀಗಮುದ್ರೆ. ಬರೀ ಬೀಗ ಹಾಕಿದ್ದಕ್ಕೆಲ್ಲ ಈ ಪದ ಬಳಸಬೇಡಿ.

ಬಾಯಿಬೀಗ ಎಂದರೆ ಸುಮ್ಮನಿರುವುದೇ?

‘ಬಾಯಿಗೆ ಬೀಗ ಹಾಕಿಕೊ’ ಎಂಬ ನುಡಿಗಟ್ಟಿನಲ್ಲಿ ಹೌದು. ಮೇಲೆ ಹೇಳಿದ ನಿರರ್ಗಳಕ್ಕೆ ನೇರ ವಿರುದ್ಧ. ಆದರೆ ‘ಬಾಯಿಬೀಗ’ ಎಂದು ಕೂಡಿಸಿ ಬರೆದಾಗ ಅದು ಒಂದು ಹರಕೆಯ ಹೆಸರು. ಮೈಸೂರು, ಮಂಡ್ಯ, ಚಾಮರಾಜನಗರ ಕಡೆಯ ಮಾರಿಹಬ್ಬ, ಜಾತ್ರೆಗಳಲ್ಲಿ ಹರಕೆ ಹೊತ್ತವರು ಕೆನ್ನೆಗೆ ಲೋಹದ ಸರಳು ಚುಚ್ಚಿಸಿಕೊಂಡು ದೇವಿಯ ಗುಡಿಗೆ ಮೆರವಣಿಗೆಯಲ್ಲಿ ಬರುತ್ತಾರೆ. ಸರಳು ಇರುವಷ್ಟು ಹೊತ್ತು ಮಾತಿಲ್ಲ. ಅದು ರೂಪಕವಲ್ಲ, ನಿಜವಾದ ಬೀಗ. ಅನುವಾದಕರು ಈ ಎರಡನ್ನು ಬೆರೆಸಿದರೆ ವಾಕ್ಯ ಪೂರ್ತಿ ಕೆಟ್ಟುಹೋಗುತ್ತದೆ.

ತಮಿಳಿನ ‘ಪೂಟ್ಟು’ವಿಗೆ ಕನ್ನಡದಲ್ಲಿ ನೆಂಟರಿದ್ದಾರೆಯೇ?

ಇದ್ದಾರೆ, ಆದರೆ ಬಾಗಿಲ ಬಳಿ ಹುಡುಕಿದರೆ ಸಿಗುವುದಿಲ್ಲ, ಹೊಲಕ್ಕೆ ಹೋಗಬೇಕು. ತಮಿಳಿನ ಪೂಟ್ಟುವಿಗೆ ಬೀಗ ಎಂಬುದರ ಜೊತೆ ನೊಗಕ್ಕೆ ಕಟ್ಟು ಎಂಬ ಅರ್ಥವೂ ಇದೆ. ಅದೇ ಬೇರಿನದು ಕನ್ನಡದ ‘ಹೂಡು’. ನಾವು ನೇಗಿಲು ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ಮೊಕದ್ದಮೆ ಹೂಡುತ್ತೇವೆ. ಅವರು ಬಾಗಿಲನ್ನೂ ಪೂಟ್ಟಿದರು, ನಾವು ಅದೊಂದನ್ನು ಬೀಗಕ್ಕೆ ಬಿಟ್ಟೆವು. ತಮಿಳುನಾಡಿನ ದಿಂಡಿಗಲ್ಲಿನ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಸುದ್ದಿಯಲ್ಲಿ ‘ಪೂಟ್ಟು’ ಎಂದು ಓದಿದ್ದರೆ ಅದೇ ಇದು.

ತೆಲುಗಿನ ತಾಳಂ ಬೀಗವೂ ಹೌದು, ಸಂಗೀತದ ತಾಳವೂ ಹೌದು. ಬೀಗಕ್ಕೆ ಮರಾಠಿಯಲ್ಲಿ ಹೇಳುವ ಕುಲೂಪ್ ಅರಬ್ಬಿಯ ಕುಫ್ಲ್‌ನಿಂದ ಬಂದದ್ದು.

ಕಾರು, ಮೊಬೈಲ್, ಬೆರಳಚ್ಚಿನ ಬಾಗಿಲುಗಳಿಗೂ ಬೀಗ ಎನ್ನಬಹುದೇ?

ಎನ್ನಬಹುದು. ಕೈ ಬೇಕು ಎಂಬ ಷರತ್ತನ್ನು ಸಂಖ್ಯೆಯೋ ಬೆರಳೋ ಮುಖವೋ ಪೂರೈಸುತ್ತದೆ, ಅಷ್ಟೇ. ‘ಮೊಬೈಲ್‌ಗೆ ಬೀಗ ಹಾಕಿದ್ದೇನೆ’ ಎಂದರೆ ಯಾರಿಗೂ ಅರ್ಥವಾಗದೆ ಇರುವುದಿಲ್ಲ. ಬೆರಳಚ್ಚಿನ ಬೀಗದ ವಿಷಯದಲ್ಲಂತೂ ನಮ್ಮ ಹಳೆಯ ಪದ ಹೊಸ ಯಂತ್ರಕ್ಕಾಗಿಯೇ ಕಾದು ಕುಳಿತಂತಿದೆ. ಬೀಗದ ಕೈ ಈಗ ಅಕ್ಷರಶಃ ಕೈ.

ತೊಡಕು ಇರುವುದು ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳಲ್ಲಿ. ಗಾಳಿಗೆ ಬಾಗಿಲು ಬಡಿದು ‘ಲಾಕ್ ಆಯಿತು’, ನೀವು ಹೊರಗೆ, ಕೈ ಒಳಗೆ. ಇಲ್ಲಿ ಹಾಕಿದವರಿಲ್ಲ. ‘ಬೀಗ ಬಿದ್ದುಬಿಟ್ಟಿತು’ ಎನ್ನಿ. ಬೀಳು ಎಂಬ ಕ್ರಿಯಾಪದವನ್ನು ಪೂರ್ತಿ ಪ್ರಾಮಾಣಿಕವಾಗಿ ಬಳಸಬಹುದಾದ ಸಂದರ್ಭ ಇದೊಂದೇ.

ಹಾಗಾದರೆ ‘ಲಾಕ್’ ಎನ್ನುವುದು ತಪ್ಪೇ?

ತಪ್ಪಲ್ಲ. ಬಸ್, ಬ್ಯಾಂಕುಗಳಂತೆ ಅದೂ ಬಂದು ನೆಲೆಸಿದೆ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬಂದದ್ದನ್ನು ಕನ್ನಡ ಪತ್ರಿಕೆಗಳು ಲಾಕ್‌ಡೌನ್ ಎಂದೇ ಬರೆದವು. ಸರಿಯಾಗಿಯೇ ಬರೆದವು, ಏಕೆಂದರೆ ಜನರೆಲ್ಲ ಮನೆಯೊಳಗೇ ಇದ್ದಾಗ ಅದಕ್ಕೆ ‘ಬೀಗ’ ಎಂದರೆ ಹೊಂದುತ್ತಿರಲಿಲ್ಲ. ಅಂಗಡಿಗಳಿಗೆ ಬೀಗವಿತ್ತು, ಮನೆಗಳಿಗೆ ಚಿಲಕ. ನನ್ನ ತಕರಾರು ಒಂದೇ: ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದು ಮುಖ್ಯವಾದ ವಾಕ್ಯದಲ್ಲಿ ಲಾಕ್ ಬೇಡ.

ಬಾಗಿಲ ಮೇಲೆ ಸೂಚನೆ ಬರೆದು ಅಂಟಿಸಬೇಕು. ಸರಿಯಾದ ವಾಕ್ಯ ಕೊಡಿ.

ಕಚೇರಿಗೆ: ‘ಕೊನೆಯಲ್ಲಿ ಹೊರಡುವವರು ಬೀಗ ಹಾಕಿ, ಬೀಗದ ಕೈಯನ್ನು ಕಾವಲುಗಾರರಿಗೆ ಕೊಡಿ.’

ಶೌಚಾಲಯಕ್ಕೆ: ‘ಒಳಗಿನಿಂದ ಚಿಲಕ ಹಾಕಿಕೊಳ್ಳಿ.’ ಇಲ್ಲಿ ‘ಬೀಗ ಹಾಕಿಕೊಳ್ಳಿ’ ಎಂದು ಬರೆದಿರುವ ಫಲಕವೊಂದನ್ನು ನಾನೇ ನೋಡಿದ್ದೇನೆ. ಒಳಗೆ ಹೋಗುವ ಮುನ್ನ ಸ್ವಲ್ಪ ಹೊತ್ತು ಯೋಚಿಸಿದೆ.